ತಗಡಿಗೆ ಗಲ್ಲ ಹಚ್ಚುತ್ತಿದ್ದ ಮೈಲಾರಪ್ಪ

ಮೈಲಾರಪ್ಪನ ಬಲಗೆನ್ನೆಯ ಮೇಲೆ ಒಂದು ಸುಟ್ಟ ಕಲೆಯಿತ್ತು. ಬಿಸಿಲಲ್ಲಿ ನಿಂತ ಬಸ್ಸಿನ ತಗಡು ಎಲ್ಲಿ ಹೆಚ್ಚು ಕಾಯ್ದಿದೆ ಎಂದು ತಿಳಿಯಲು ಆತ ಕೈ ಇಡುತ್ತಿರಲಿಲ್ಲ, ಗಲ್ಲ ಇಡುತ್ತಿದ್ದ. "ಕೈ ಸುಳ್ಳ ಹೇಳ್ತದ್ರೀ. ಇಪ್ಪತ್ತು ವರ್ಷ ಪಾನಾ-ಸುತ್ತಿಗೆ ಹಿಡದ ಕೈಗೆ ಏನ್ ತಿಳೀತದ? ಗಲ್ಲ ಇನ್ನೂ ಕೂಸಿನಂಗ ಅದ," ಎನ್ನುತ್ತಿದ್ದ.

ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ತಂದೆತಾಯಿಯ ಮಗ. ಪುಣೆಯ ಕೊಂಢವಾದಲ್ಲಿ ಫ್ರಿಜ್ಜು, ಎಸಿ ದುರಸ್ತಿಯ ಸಣ್ಣ ಅಂಗಡಿ ಇಟ್ಟಿದ್ದ. ಪಕ್ಕದ ಗ್ಯಾರೇಜಿನಲ್ಲಿ ನಾನು ನನ್ನ ಬಸ್ಸನ್ನು ಬೈಯುವುದನ್ನು ಕೇಳಿ ತಾನಾಗಿಯೇ ಎದ್ದು ಬಂದ.

"ಪುಣೆ ಬಸ್ಸಿಗೆ ಕನ್ನಡದಾಗ ಬೈದ್ರ ಹೆಂಗ್ ತಿಳೀಬೇಕ್ರೀ ಕಾಕಾ? ಮರಾಠಿ ಬರ್ತದಿಲ್ಲೋ?"

ಆ ಬಸ್ಸಿನ ಕಥೆ ಹೇಳಬೇಕು. ನಾನು ಒಂದು ಕಾರ್ಖಾನೆಯ ಬಸ್ಸಿನ ಡ್ರೈವರ್. ನನ್ನ ಮಗಳು ಗೌರಿಗೆ ಹುಟ್ಟಿನಿಂದ ಬೆವರಿನ ಗ್ರಂಥಿಗಳಿಲ್ಲ. ಮೈ ಕಾದರೆ ಆರುವ ದಾರಿಯಿಲ್ಲ. ಜ್ವರ ಏರುತ್ತದೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಹನ್ನೊಂದು ವರ್ಷದವಳಾದರೂ ಬೇಸಿಗೆಯ ಹಗಲಿನಲ್ಲಿ ಅವಳು ಊರು ದಾಟಿ ಹೋಗಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ, ನಾನು ಓಡಿಸುತ್ತಿದ್ದ ಬಸ್ಸನ್ನೇ ಕಾರ್ಖಾನೆಯವರು ಗುಜರಿಗೆ ಹಾಕಿದಾಗ ನಾನೇ ಕೊಂಡೆ. ಸೀಟು ಕಿತ್ತು ಎರಡು ಮಂಚ, ಒಲೆ, ಕೈ ತೊಳೆಯುವ ಬೋಗುಣಿ ಕೂಡಿಸಿದೆ. ಹಿಂದಿನ ಗೋಡೆ ಕೊರೆದು ಒಂದು ಕಿಟಕಿ ಎಸಿ ಹಾಕಿಸಿ, ಕೆಳಗೆ ಜನರೇಟರ್ ಇಟ್ಟೆ.

ಆ ಮೇ ತಿಂಗಳಲ್ಲಿ ನನ್ನ ಹೆಂಡತಿಯ ತಮ್ಮನ ಮದುವೆ. ಹೊಸ ಜೋಡಿ ಜೇಜುರಿಯ ಗುಡ್ಡದ ದೇವರಿಗೆ ಹೋಗಿ, ಗಂಡು ಹೆಣ್ಣನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಹತ್ತುವ ಪದ್ಧತಿ. ಅದನ್ನು ನೋಡಲೇಬೇಕೆಂದು ಗೌರಿಯ ಹಟ. ಆದರೆ ಮಧ್ಯಾಹ್ನವಾದರೆ ಎಸಿ ಹಾಕಿದರೂ ಬಸ್ಸು ಬಾಣಲೆ. ಕೇಳಿದವರೆಲ್ಲ ಇನ್ನೊಂದು ಎಸಿ ಹಾಕಿ ಎಂದರು. ಜನರೇಟರು ಎರಡನ್ನು ತಾಳುವಂತಿರಲಿಲ್ಲ.

ಮೈಲಾರಪ್ಪ ಎಸಿಯನ್ನು ಮುಟ್ಟಲೇ ಇಲ್ಲ. ನಡುಮಧ್ಯಾಹ್ನ ಬಾಗಿಲು ಮುಚ್ಚಿ, ಎಸಿ ಬಂದ್ ಮಾಡಿ, ಒಬ್ಬನೇ ಅರ್ಧ ತಾಸು ಒಳಗೆ ಕುಳಿತ. "ತಂಪು ಮಾಡೂದು ಆಮ್ಯಾಲೆ. ಬಿಸಿ ಯಾವ ಬಾಗಿಲಿಂದ ಬರ್ತದ, ಮೊದಲ ಅದರ ಮಾರಿ ನೋಡೂಣು." ಹೊರಬಂದಾಗ ಒಳಗೆಲ್ಲ ಸೀಮೆಸುಣ್ಣದ ಗುರುತುಗಳು. ಛತ್ತಿಗೂ ಗೋಡೆಗಳಿಗೂ ಒಳಗಿನಿಂದ ಹಲಗೆ ಬಡಿದು, ತಗಡು-ಹಲಗೆಯ ನಡುವೆ ಕುರುಬರ ಕಂಬಳಿ ತುಂಬಿದ. ಎಂಜಿನ್ನಿನ ಬಿಸಿ ಬಾರದಂತೆ ನನ್ನ ಸೀಟಿನ ಹಿಂದೆ ದಪ್ಪ ಕೌದಿ ಇಳಿಬಿಟ್ಟ. ಊದುಬತ್ತಿ ಹಿಡಿದು, ಹೊಗೆ ಅಲುಗಿದ ಸಂದುಗಳನ್ನೆಲ್ಲ ಮುಚ್ಚಿದ. ಚಂದ ಕಾಣಲೆಂದು ನಾನು ಎಸಿಯ ಬೆನ್ನಿಗೆ ತಗಡಿನ ಪೆಟ್ಟಿಗೆ ಮಾಡಿಸಿದ್ದೆ. ಅದನ್ನು ಕತ್ತರಿಸಿ ಎಸೆದ. "ಅದು ಉಗುಳಿದ ಬಿಸೀನ ಅದಕ್ಕ ಕುಡಿಸಾಕತ್ತೀರಲ್ರೀ ಕಾಕಾ! ಪಾಪ, ಎಷ್ಟು ದಿನ ತಾಳ್ಕೊಂಡದ."

ಗೌರಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬಸಿದ ನೀರನ್ನು ಎಸಿ ತನ್ನ ಬೆನ್ನಿನ ಬಿಸಿ ಜಾಲರಿಗೆ ಚಿಮ್ಮಿಸಿಕೊಳ್ಳುವುದನ್ನು ಅವಳಿಗೆ ತೋರಿಸಿ ಹೇಳಿದ, "ನೀ ಬೆವರೂದಿಲ್ಲಲ್ಲ ತಂಗಿ? ನಿನ್ನ ಪಾಲಿಂದೂ ಇದ ಬೆವರ್ತದ ನೋಡು."

ಜೇಜುರಿಗೆ ಆತನೂ ಬಂದ. ಅಲ್ಲಿಯ ದೇವರೇ ಆತನ ಮನೆದೇವರು. ದಾರಿಯಲ್ಲಿ ಸಾಸವಡ ದಾಟುವಾಗ ಸೂರ್ಯ ನೆತ್ತಿಗೆ ಬಂದಿದ್ದರೂ ಗೌರಿ ಶಾಲು ಕೇಳಿದಳು. ಕೌದಿಯಾಚೆಯಿಂದ ಆ ಮಾತು ಕೇಳಿ ನನಗೆ ರಸ್ತೆ ಮಂಜಾಯಿತು.

ಗುಡ್ಡದ ಕೆಳಗೆ, ಮೆಟ್ಟಿಲು ಕಾಣುವಂತೆ ಬಸ್ಸು ನಿಲ್ಲಿಸಿದೆ. ಮೈಲಾರಪ್ಪ ಭಂಡಾರ ಕೊಂಡು ತಂದ. ದೇವರಿಗೆ ಎರಚುವ ಆ ಅರಿಶಿನದ ಪುಡಿಯನ್ನು ಎಲ್ಲರ ಹಣೆಗೂ ಹಚ್ಚಿದ. ಆಮೇಲೆ "ಇದೂ ದುಡೀತದಲ್ರೀ" ಎಂದು ಬಸ್ಸಿನ ಹಿಂದೆ ಹೋಗಿ, "ಏಳಕೋಟಿ!" ಎಂದು ಆ ದೇವರ ಜೈಕಾರ ಕೂಗಿ, ಓಡುತ್ತಿದ್ದ ಎಸಿಯ ಬೆನ್ನಿಗೆ ಮೂರು ಮುಷ್ಟಿ ಎರಚಿ ಗುಡ್ಡ ಹತ್ತಿದ.

ಹತ್ತು ನಿಮಿಷದಲ್ಲಿ ಒಳಗೆ ಬರುವ ಗಾಳಿ ಬಿಸಿಯಾಯಿತು. ಗೌರಿಯ ಮುಖ ಕೆಂಪೇರಿತು. ನನ್ನ ಹೆಂಡತಿ ಅವಳಿಗೆ ಒದ್ದೆ ಚಾದರ ಸುತ್ತಿದಳು. ನಾನು ಮೆಟ್ಟಿಲ ಮೇಲೆ ಓಡಿ ಆತನ ಹೆಸರು ಹಿಡಿದು ಕಿರುಚಿದೆ. ಆತ ಇಳಿದು ಬಂದು ಹಿಂದೆ ಬಗ್ಗಿ ನೋಡಿದ. ಚಿಮ್ಮಿದ ನೀರಿಗೆ ಭಂಡಾರ ಕಲೆಸಿ, ಜಾಲರಿಯ ಸಂದುಗಳೆಲ್ಲ ಹಳದಿ ಕಣಕದಂತೆ ಮೆತ್ತಿಕೊಂಡಿದ್ದವು.

"ತಪ್ಪು ನಂದ ಕಾಕಾ. ದೇವರದಲ್ಲ," ಎಂದ. ನನ್ನ ಹಲ್ಲುಜ್ಜುವ ಬ್ರಷ್ಷು, ಎರಡು ಕೊಡ ನೀರು ತೆಗೆದುಕೊಂಡು ಸಂದು ಸಂದು ತಿಕ್ಕಿದ. ಬೆರಳು ಕೊಯ್ದು ರಕ್ತ ಬಂದರೂ ನಿಲ್ಲಿಸಲಿಲ್ಲ. ಒಳಗಿನಿಂದ ಗೌರಿ "ತಂಪ್ ಬಂತು" ಎಂದ ಮೇಲೆಯೇ ತಲೆ ಎತ್ತಿದ.

ಅಷ್ಟರಲ್ಲಿ ಮದುಮಗ ಹೆಂಡತಿಯನ್ನು ಎತ್ತಿ ಇಳಿಸಿಯೂ ಆಗಿತ್ತು. ಮೈಲಾರಪ್ಪ ಆತನ ಮುಂದೆ ಹೋಗಿ ಹಳದಿ ಕೈ ಮುಗಿದ. "ಇನ್ನೊಮ್ಮೆ ಎತ್ರಿ ಭಾವಾ. ನಮ್ಮ ಹುಡಿಗಿ ನೋಡಿಲ್ಲ."

"ಇನ್ನೊಮ್ಮೆ? ಸೊಂಟ ಯಾರು ರಿಪೇರಿ ಮಾಡ್ತಾರ, ನೀ ಮಾಡ್ತೀ?"

"ಗ್ಯಾಸ್ ತುಂಬಿ ಕೊಡ್ತೀನಿ, ಎತ್ರಿ!"

ಎತ್ತಿದ. ಗೌರಿ ಗಾಜಿಗೆ ಮೂಗು ಒತ್ತಿ, ಐದು ಮೆಟ್ಟಿಲನ್ನೂ ಬಾಯಿಬಿಟ್ಟು ಎಣಿಸಿದಳು.

ಆಮೇಲೆ ಪ್ರತಿ ಫೆಬ್ರವರಿಯಲ್ಲಿ ಮೈಲಾರಪ್ಪ ಕರೆಯದೆಯೇ ಬಂದು ಬಸ್ಸಿಗೆ ಗಲ್ಲ ಹಚ್ಚಿ ಹೋಗುತ್ತಿದ್ದ. ಕೊನೆಯ ಸಲ ಬಂದಾಗ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ, ಎದೆ ಏದುತ್ತಿತ್ತು. ಅಷ್ಟರಲ್ಲಿ ಬೆಳೆದು ಮಗರಪಟ್ಟಾದ ಕಚೇರಿಯೊಂದರಲ್ಲಿ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ್ದ ಗೌರಿಯನ್ನು ಕರೆದ. "ನೀ ಹಚ್ಚು ತಂಗಿ. ಬಿಸಿ ನಿನಗ ತಿಳಿದಷ್ಟು ಯಾರಿಗೂ ತಿಳಿಯೂದಿಲ್ಲ." ಅವಳು ಒಳಗೆ ಗೋಡೆಯುದ್ದಕ್ಕೂ ಗಲ್ಲ ಹಚ್ಚುತ್ತ ಹೋಗಿ, ಹಿಂದಿನ ಮೂಲೆಯಲ್ಲಿ ಒಂದು ಕಡೆ ಸೀಮೆಸುಣ್ಣ ಎಳೆದಳು. ಆತ ಹೊರಗಿನಿಂದಲೇ ಬಡಿದು ನೋಡಿ, ಒಳಗಿನ ಕಂಬಳಿ ಜಾರಿದೆ ಎಂದ. ಬಹಳ ಹೊತ್ತು ನಗುತ್ತಲೇ ನಿಂತಿದ್ದ.

ಏಪ್ರಿಲ್‌ನಲ್ಲಿ ಆತ ಹೋದ. ಮಣ್ಣು ಮಾಡಿದ್ದು ಮಧ್ಯಾಹ್ನ ಎರಡಕ್ಕೆ. ಗೌರಿ ಬಸ್ಸಿನಲ್ಲೇ ಬಂದಳು, ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಲು ಹೇಳಿದಳು, ಒದ್ದೆ ಸೆರಗು ಹೊದ್ದು ಇಳಿದು ಹೋಗಿ ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿದಳು. ಆತನ ಮನೆಯವರು ಅವಳ ಕೈಗೆ ಚಿಟಿಕೆ ಭಂಡಾರ ಕೊಟ್ಟರು.

ತಿರುಗಿ ಬಂದು ಬಸ್ಸಿನ ಹಿಂದೆ ನಿಂತಳು. "ಅಪ್ಪಾ, ಎಸಿ ಬಂದ್ ಮಾಡ್ರಿ."

ಬೇಸಿಗೆಯಲ್ಲಿ ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಬಂದ್ ಮಾಡಿದೆ. ಒದ್ದೆ ಬೆರಳಿಗೆ ಭಂಡಾರ ಅಂಟಿಸಿ, ಜಾಲರಿಯಿಂದ ದೂರ, ಹೊರಗಿನ ತಗಡಿನ ಮೇಲೆ, ಹಾರದಂತೆ ಒತ್ತಿ ಹಚ್ಚಿದಳು. ಒಂದು ಗಳಿಗೆ ಅಲ್ಲೇ ಗಲ್ಲ ಇಟ್ಟಳು.

"ಇನ್ನ ಚಾಲೂ ಮಾಡ್ರಿ," ಎಂದಳು.