ಅಜ್ಜಿಯ ಸ್ಟ್ರಾಬೆರಿ ಡಬ್ಬಿ

ಕ್ರೂಸ್ ಹಡಗಿನವರ ಟೂರ್ ಬೇಡ, ಹಡಗು ನಿಂತ ಬರ್ಗೆನ್ ಊರನ್ನು ನಾವೇ ಸುತ್ತೋಣ ಎಂದು ಹಟ ಹಿಡಿದವಳು ನಾನು. ಟೆಕ್ಸಸ್‌ನಲ್ಲಿ ಹಾಲು ತರಲೂ ಕಾರು ಹತ್ತುವ ನನ್ನ ಗಂಡ ಆ ಏರು ಓಣಿಗಳಲ್ಲಿ ಏದುಸಿರು ಬಿಡುತ್ತ ಹಿಂದೆ ಬಂದರು. ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಮರದ ಮನೆಯ ಸೂರಿನಡಿ ನಿಂತೆವು. ಒಳಗಿದ್ದ ಅಜ್ಜಿ ಬಾಗಿಲು ತೆರೆದು, ಪುಟ್ಟ ಡಬ್ಬಿಯಲ್ಲಿ ಸ್ಟ್ರಾಬೆರಿ ಕೊಟ್ಟು, ತಿಂದಮೇಲೆ ಡಬ್ಬಿಯನ್ನು ಮೆಟ್ಟಿಲ ಮೇಲೆ ಇಟ್ಟು ಹೋಗಿ ಎಂದರು.

ತಿಂದೆವು. ಮಳೆಯೂ ನಿಂತಿತು. ಆದರೆ ಧಾರವಾಡದಲ್ಲಿ ಬೆಳೆದ ನನಗೆ ಡಬ್ಬಿಯನ್ನು ಖಾಲಿ ಹಿಂದಿರುಗಿಸಲು ಮನಸ್ಸು ಬರಲಿಲ್ಲ.

"ಹಡಗು ಹೊರಟುಬಿಡತ್ತೆ, ಇಟ್ಟು ಬಾರೇ," ಎಂದು ಗಂಡ ಗೊಣಗಿದರು.

"ಖಾಲಿ ಡಬ್ಬಿ ಹ್ಯಾಂಗ ಕೊಡೋದ್ರೀ?" ಎಂದು ನಾನು ಚೀಲ ತಡಕಾಡಿದೆ. ಶೇಂಗಾ ಹೋಳಿಗೆ ಎರಡೇ ಉಳಿದಿದ್ದವು, ಅವೂ ಮುರಿದಿದ್ದವು. ನಾಚಿಕೆಯಿಂದಲೇ ಡಬ್ಬಿಗೆ ಹಾಕಿ ಬಾಗಿಲು ತಟ್ಟಿದೆ. ಅಜ್ಜಿ ಅಲ್ಲೇ ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಸವಿದು, ನನ್ನ ಕೈ ಹಿಡಿದುಕೊಂಡರು.

ಓಣಿ ಇಳಿಯುವಾಗ ಗಂಡ ಮೆಲ್ಲಗೆ ಕೇಳಿದರು: "ಕ್ರಿಸ್‌ಮಸ್‌ಗೆ ಪಕ್ಕದ್ಮನೆಯವರು ಕುಕೀಸ್ ಕೊಟ್ಟಿದ್ದ ಬಟ್ಟಲು ಇನ್ನೂ ನಮ್ಮನೇಲೇ ಇದೆ ಅಲ್ವಾ?"

ಇತ್ತು. ಖಾಲಿ ಕೊಡಬಾರದು, ಒಳ್ಳೆಯದೇನಾದರೂ ಮಾಡಿಯೇ ಕೊಡೋಣ ಎಂದು ಏಳು ತಿಂಗಳಿಂದ ಕಪಾಟಿನಲ್ಲಿ ಇಟ್ಟುಕೊಂಡಿದ್ದೆ.

ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿರುವ ನಮ್ಮ ಮನೆ ತಲುಪಿ, ಸೂಟ್‌ಕೇಸ್ ಬಿಚ್ಚುವ ಮೊದಲೇ, ಅಂಗಡಿಯಿಂದ ತಂದಿಟ್ಟಿದ್ದ ಚೂಡಾವನ್ನೇ ಆ ಬಟ್ಟಲಿಗೆ ತುಂಬಿ ಪಕ್ಕದ ಮನೆಯ ಬೆಲ್ ಒತ್ತಿದೆ. ಒಂಬತ್ತು ವರ್ಷ ಕಾರಿನೊಳಗಿಂದ ಕೈಬೀಸುತ್ತಿದ್ದ ಆ ನೆರೆಮನೆಯಾಕೆಯ ಹೆಸರು ಅಂದು ಮೊದಲ ಸಲ ತಿಳಿಯಿತು. ಅಜ್ಜಿಯ ಹೆಸರನ್ನು ಮಾತ್ರ ಕೇಳಲೇ ಇಲ್ಲ.