ಮುಯ್ಯಾಳಿಗೆ ಹೇಳಿದ ಥ್ಯಾಂಕ್ಸ್

ಪಾಂಡವಪುರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ ಕೃತಜ್ಞತೆ ಹೇಳುವ ಪಾಠವೆಂದರೆ ಬಹಳ ಇಷ್ಟ. ದೊಡ್ಡವರಿಗೆ ‘ಐ ಆಮ್ ಮಚ್ ಆಬ್ಲೈಜ್ಡ್’, ಗೆಳೆಯರಿಗೆ ‘ಐ ಓ ಯೂ ಒನ್’, ಅಂದರೆ ನಿನ್ನದೊಂದು ಋಣ ನನ್ನ ಮೇಲಿದೆ ಎಂದು. ಇಂಗ್ಲಿಷಿನವರು ಒಂದು ಲೋಟ ನೀರು ಕೊಟ್ಟವರಿಗೂ ಏನಾದರೂ ಹೇಳದೆ ಬಿಡುವುದಿಲ್ಲ. ನಮ್ಮ ಊರಿನವರಿಗೆ ಈ ನಾಜೂಕು ಇಲ್ಲವಲ್ಲ ಎಂದು ನನಗೆ ಒಳಗೊಳಗೇ ಜಂಬ.

ಹೋದ ವರ್ಷ ತೊಣ್ಣೂರು ಕೆರೆಯ ಕೆಳಗಿನ ನಮ್ಮ ಗದ್ದೆಯ ನಾಟಿಗೆ ಪಕ್ಕದ ಮನೆಯ ಅಕ್ಕ ಮುಯ್ಯಾಳಾಗಿ ಬಂದರು. ಅದಕ್ಕೆ ಕೂಲಿ ಇಲ್ಲ. ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಮ್ಮವರು ಅವರ ಗದ್ದೆಗೆ. ಯಾವಾಗಲೂ ಅತ್ತೆಯೇ ಹೋಗಿ ಬರುತ್ತಿದ್ದರು. ಆ ಸಲ ಅವರಿಗೆ ಮಂಡಿನೋವು, ಯಜಮಾನಿಕೆ ನನ್ನ ಪಾಲಿಗೆ ಬಂತು. ಸಂಜೆ ಅಕ್ಕನಿಗೆ ಕುಂಕುಮದ ಜೊತೆ ಒಂದು ಹೊಸ ಸೀರೆ ಕೊಟ್ಟು, “ತುಂಬಾ ಥ್ಯಾಂಕ್ಸ್ ಅಕ್ಕ, ನಿಮ್ಮ ಉಪಕಾರ ಮರೆಯೋದಿಲ್ಲ” ಎಂದೆ.

ಅಕ್ಕನ ಮುಖ ಸಪ್ಪಗಾಯಿತು. “ಆಯ್ತು ಬುಡಿ ಟೀಚರಮ್ಮ” ಎಂದವರೇ ಹೊರಟುಹೋದರು.

ವಾರ ಕಳೆದರೂ ಅವರ ನಾಟಿಗೆ ಕರೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕರೆ ಮಾತೂ ಇಲ್ಲ. ಅತ್ತೆಗೆ ಹೇಳಿದಾಗ ಅವರು ಹಣೆ ಚಚ್ಚಿಕೊಂಡರು.

“ಸೀರೆ ಕೊಟ್ಟು ಮುಯ್ಯಿ ತೀರುಸ್ಬುಟ್ಟಲ್ಲವ್ವ. ಇನ್ನು ನಿಮ್ಮ ಗದ್ದೆಗೆ ನಾನು ಇಳಿಯಾಕಿಲ್ಲ ಅಂತ ನೀನೇ ಅವಳಿಗೆ ಹೇಳ್ದಂಗಾಯ್ತು.”

ತರಗತಿಯಲ್ಲಿ ಅಷ್ಟು ಚೆಂದವಾಗಿ ಕೇಳಿಸುವ ಮಾತು ಅಕ್ಕನಿಗೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಕೇಳಿಸಿತ್ತು. ನಾಚಿಕೆಯಾಯಿತು. ಮದುವೆಯಾಗಿ ಬಂದಾಗಿನಿಂದ ನನ್ನನ್ನು ತಂಗಿಯಂತೆ ನೋಡಿಕೊಂಡವರನ್ನು ನನ್ನ ನಾಜೂಕಿನಿಂದಲೇ ಕಳೆದುಕೊಂಡೆನೇ ಎಂದು ಸಂಕಟವೂ ಆಯಿತು.

ಭಾನುವಾರ ಅಕ್ಕನ ನಾಟಿ ಶುರುವಾಯಿತೆಂದು ಗೊತ್ತಾದದ್ದೇ, ಕರೆಯದಿದ್ದರೂ ಹೋಗಿ, ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದೆ. ಅಕ್ಕ ಒಂದು ಕಂತೆ ಪೈರು ತಂದು ನನ್ನ ಮುಂದೆ ಹಾಕಿದರು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಉಳಿದ ಹೆಂಗಸರು ಮೂರು ಮುಗಿಸುತ್ತಿದ್ದರು. ನನ್ನ ಸಾಲೋ, ಹಾವು ಹರಿದ ಹಾಗೆ ಸೊಟ್ಟಂಬಟ್ಟ. ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿದ್ದುಹೋಯಿತು. ಆದರೂ ಬುತ್ತಿ ಬಿಚ್ಚುವಾಗ ಅಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು, ಮುದ್ದೆ ಬಹಳ ರುಚಿಯಾಗಿತ್ತು.

ಸಂಜೆ ಕಾಲುವೆಯಲ್ಲಿ ಕೈಕಾಲು ತೊಳೆಯುತ್ತ ಅಕ್ಕ ನಾನು ನೆಟ್ಟ ಸಾಲುಗಳನ್ನು ಒಮ್ಮೆ ದಿಟ್ಟಿಸಿ ನೋಡಿದರು.

“ನಿಂದು ಅರ್ಧ ಆಳಿನ ಕೆಲ್ಸ ಕಣಮ್ಮಿ. ಇನ್ನರ್ಧ ಉಳ್ಕತು. ಕಳೆ ಕೀಳಾಕೆ ಬಂದು ತೀರ್ಸು.”

ಅರ್ಧ ಉಳಿಯಿತಲ್ಲ ಎಂದು ನನಗಾದ ಸಂತೋಷ ಅಷ್ಟಿಷ್ಟಲ್ಲ.