ದೊಡ್ಡಪ್ಪನ ಗುಮಾನಿ, ದೊಡ್ಡಮ್ಮನ ಈಶ್ವರ

ನಮ್ಮ ದೊಡ್ಡಪ್ಪ ತಿಮ್ಮೇಗೌಡನಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ದೇವಸ್ಥಾನಗಳ ಮೇಲೆ ಅಷ್ಟೇ ಗುಮಾನಿ. ಯಾವ ಗುಡಿಗೆ ಹೋದರೂ ಮೊದಲು ಬಾಗಿಲಲ್ಲೇ ನಿಂತು, ದ್ವಾರಪಾಲಕರ ಕೈಯಲ್ಲಿ ಶಂಖವಿದೆಯೋ ತ್ರಿಶೂಲವಿದೆಯೋ ನೋಡಬೇಕು. ಆಮೇಲೆ ಪೂಜಾರಿಯ ಹಣೆ. ಅಲ್ಲಿ ಅಡ್ಡಪಟ್ಟೆ ಕಂಡಿತೋ, ಹೊರಗಿನಿಂದಲೇ ವಾಪಸ್. ಚನ್ನರಾಯಪಟ್ಟಣದ ಹೋಟೆಲಿನಲ್ಲೂ ಅಷ್ಟೇ, ಗಲ್ಲಾದ ಮೇಲೆ ಯಾವ ದೇವರ ಫೋಟೊ ಇದೆ ಎಂದು ಇಣುಕಿ ನೋಡದೆ ಕೂರುವ ಆಸಾಮಿಯೇ ಅಲ್ಲ. ಈಶ್ವರ ಕಂಡರೆ, “ಕಾಪಿ ಆದ್ರೆ ಕುಡೀಬೈದು ಕಣ್ಲಾ, ಊಟ ಬ್ಯಾಡ” ಎನ್ನುತ್ತಿದ್ದ. ಕಾಫಿಗೆ ಮಾತ್ರ ಯಾಕೆ ದೋಷವಿಲ್ಲವೋ ಆ ತಿಮ್ಮಪ್ಪನೇ ಬಲ್ಲ. ಕಾಫಿ ಅಂದರೆ ಅವನಿಗೆ ಪ್ರಾಣ, ಅಷ್ಟೇ ವಿಷಯ.

ನಮ್ಮದು ನಾಮದ ಒಕ್ಕಲು, ಮನೆದೇವರು ತಿರುಪತಿ ತಿಮ್ಮಪ್ಪ. ನಮ್ಮ ಕಡೆ ಒಂದೇ ಜಾತಿಯೊಳಗೆ ನಾಮದವರು, ವಿಭೂತಿಯವರು ಎಂದು ಎರಡು ಕವಲು. ಹೆಣ್ಣು ಕೊಟ್ಟು ತರುವುದುಂಟು. ಆದರೆ ಬಂದ ಸೊಸೆ ಗಂಡನ ಮನೆಯ ದೇವರಿಗೆ ಸೇರಬೇಕು. ದೊಡ್ಡಮ್ಮ ಶಿವಮ್ಮ ಹಳೇಕೋಟೆ ಕಡೆಯ ವಿಭೂತಿಯವರ ಮಗಳು. ನಮ್ಮ ಹೊಸಿಲು ದಾಟಿದ ದಿನವೇ ಅವಳ ಹೆಸರು ಲಕ್ಷ್ಮಮ್ಮ ಆಯಿತು. ತವರಿನಿಂದ ತಂದಿದ್ದ ವಿಭೂತಿ ಗಟ್ಟಿಯನ್ನು ನಮ್ಮಜ್ಜಿ ಹಿತ್ತಿಲಿಗೆ ಬಿಸಾಡಿದಳಂತೆ. ದೊಡ್ಡಮ್ಮ ತುಟಿಪಿಟಕ್ಕೆನ್ನಲಿಲ್ಲ. ಜಗಳವಾಡಿದ್ದರೆ ದೊಡ್ಡಪ್ಪ ನಂಬುತ್ತಿದ್ದನೇನೋ, ಅವಳು ಸುಮ್ಮನಿದ್ದದ್ದೇ ಅವನ ತಲೆಗೆ ಹುಳ ಬಿಟ್ಟಿತು.

“ಇವ್ಳು ಒಪ್ಪಿಲ್ಲ ಕಣ್ಲಾ. ಒಳಗೊಳಗೇ ಇಟ್ಕಂಡವ್ಳೆ” ಎಂದು ನನ್ನ ಹತ್ತಿರ ಅದೆಷ್ಟು ಸಲ ಹೇಳಿದ್ದನೋ! ಸೋಮವಾರ ಅವಳು ತಲೆಗೆ ನೀರು ಹಾಕಿಕೊಂಡರೆ ಅನುಮಾನ, ಊಟ ಬೇಡವೆಂದರೆ ಇನ್ನೂ ಅನುಮಾನ. ಇಂಥ ಮನುಷ್ಯನ ಜೊತೆ ಒಂದು ಜನ್ಮ ಬಾಳಿದಳಲ್ಲ, ಆ ಪುಣ್ಯಾತ್ಗಿತ್ತಿಗೆ ಕೈ ಮುಗಿಯಬೇಕು.

ಮಲ್ಲಿಪಟ್ಟಣದ ದಾರಿಯಲ್ಲಿ, ನಮ್ಮ ಹೊಲದಿಂದಾಚೆ ಒಂದು ಹಾಳು ಗುಡಿ ಇತ್ತು. ಹಿಂದಿನ ಗೋಡೆ ಕುಸಿದು, ಮಣ್ಣು ಒಳಕ್ಕೆ ನುಗ್ಗಿ, ಗರ್ಭಗುಡಿ ಮುಕ್ಕಾಲು ಹೂತುಹೋಗಿತ್ತು. ಮಣ್ಣಿನ ಮೇಲೆ ಗುಂಡಗಿನ ಒಂದು ಕಪ್ಪು ಕಲ್ಲು ಮಾತ್ರ ಕಾಣುತ್ತಿತ್ತು. ಊರವರೆಲ್ಲ ಅದನ್ನು ಲಿಂಗ ಎಂದೇ ತಿಳಿದಿದ್ದರು. ಪೂಜೆ ನಿಂತು ಯಾವ ಕಾಲವಾಗಿತ್ತೋ, ಬಾವಲಿಗಳದ್ದೇ ರಾಜ್ಯ. ಈಶ್ವರನ ಗುಡಿ ಎಂದು ದೊಡ್ಡಪ್ಪ ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಒಂದು ಸೋಮವಾರ ಹಾಸನದಿಂದ ಊರಿಗೆ ಬಂದ ನನ್ನನ್ನು ದೊಡ್ಡಪ್ಪ ಬೈಕಿನಿಂದ ಇಳಿಯುವುದಕ್ಕೂ ಬಿಡಲಿಲ್ಲ. “ತಿರುಗ್ಸು ಗಾಡಿಯ. ನಿಮ್ಮ ದೊಡ್ಡಮ್ಮನ ಸೆರಗಲ್ಲಿ ಬಿಲ್ಪತ್ರೆ ಕಂಡೆ. ಸ್ವಾಮಾರ ಸ್ವಾಮಾರ ಎಲ್ಲೋಯ್ತಾಳೆ ಅಂತ ಇವತ್ತು ಗೊತ್ತಾಗೋಯ್ತದೆ” ಅಂದ.

ಅವಳು ಹೋದ ಜಾಡು ಹಿಡಿದು ನಾವು ಆ ಹಾಳು ಗುಡಿಗೆ ಹೋಗುವಷ್ಟರಲ್ಲಿ ಅವಳು ಬೇರೆ ದಾರಿ ಹಿಡಿದು ಮನೆಗೆ ಹೋಗಿಯಾಗಿತ್ತು. ಗುಡಿಯೊಳಗೆ ಹಣತೆ ಇನ್ನೂ ಉರಿಯುತ್ತಿತ್ತು. ಕಲ್ಲಿನ ಮೇಲೆ ಹಸಿ ವಿಭೂತಿ, ಸುತ್ತ ಬಿಲ್ಪತ್ರೆ.

“ನೋಡ್ದಾ? ನಾನೇಳ್ನಿಲ್ವಾ?” ಎಂದು ದೊಡ್ಡಪ್ಪ ಗುಡುಗಿದ. “ನಾಳೆಯಿಂದ ಅವ್ಳು ತವರಲ್ಲೇ ಇರ್ಲಿ. ಈ ಮನೇಲಿ ಅವ್ಳ್ಗೆ ಜಾಗ ಇಲ್ಲ.” ಆ ಸಿಟ್ಟಿನಲ್ಲಿ ತಾನು ಎಲ್ಲಿದ್ದೇನೆ ಎನ್ನುವುದನ್ನೂ ಮರೆತು ಗರ್ಭಗುಡಿಗೇ ನುಗ್ಗಿ, ವಿಭೂತಿ ಒರೆಸಲು ಕೈ ಹಾಕಿದ. ಮಳೆಗೆ ಸಡಿಲವಾಗಿದ್ದ ಮಣ್ಣು ಕುಸಿದು ಅವನ ಕೈ ಒಳಕ್ಕೆ ಹೋಯಿತು. ಏನೋ ತಡಕಾಡಿದ. “ಬೆಳಕು ಬುಡ್ಲಾ” ಅಂದ. ನಾನು ಮೊಬೈಲ್ ಟಾರ್ಚ್ ಹಾಕಿದೆ. ಮಣ್ಣು ಗೋರಿದಂತೆ ಹಣೆ ಬಂತು, ಕಣ್ಣು ಬಂತು, ಕಿವಿಯ ಓಲೆ ಬಂತು. ಒಂದು ಪಕ್ಕದಲ್ಲಿ ಎತ್ತಿದ ಕೈ, ಕೈಯಲ್ಲಿ ಶಂಖ. ಇನ್ನೊಂದು ಪಕ್ಕದಲ್ಲಿ ಚಕ್ರ. ಊರೆಲ್ಲ ಲಿಂಗ ಅಂದುಕೊಂಡಿದ್ದದ್ದು ಕೇಶವನ ಕಿರೀಟದ ತುದಿ!

ನನಗೆ ನಗು ತಡೆಯಲಾಗಲಿಲ್ಲ. “ದೊಡ್ಡಪ್ಪಾ, ದೊಡ್ಡಮ್ಮ ನಿನ್ ದೇವ್ರಿಗೇ ಪೂಜೆ ಮಾಡ್ತಾವ್ಳೆ! ನಡಿ, ಹೋಗಿ ಹೇಳಾಣ” ಅಂದೆ. ಕುಣಿದಾಡುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ರಟ್ಟೆ ಹಿಡಿದುಕೊಂಡ.

“ಬಾಯ್ ಮುಚ್ಚು. ಹೆಸ್ರು ಕಿತ್ಕಂಡ್ವಿ. ವಿಭೂತಿ ಬಿಸಾಕುದ್ವಿ. ಇದೊಂದಾದ್ರೂ ನಂದು ಅಂತ ಅವ್ಳು ಇಲ್ಲೀಗಂಟ ಬತ್ತಾವ್ಳೆ. ಇದೂ ನಮ್ದೇ ಅಂತ ಓಗಿ ಹೇಳ್ಬೇಕಾ?”

ಎರಡೂ ಕೈಯಲ್ಲಿ ಮಣ್ಣು ಬಾಚಿ ತನ್ನ ದೇವರ ಮುಖವನ್ನು ಮುಚ್ಚಿದ. ಚೆದುರಿದ್ದ ಬಿಲ್ಪತ್ರೆಯನ್ನು ತಾನೇ ಆರಿಸಿ ಕಿರೀಟದ ಮೇಲಿಟ್ಟ.

ಅಂದಿನಿಂದ ಅವನ ಗುಮಾನಿಗೆ ಬೇರೆ ಕೆಲಸ ಸಿಕ್ಕಿತು. ಗುಡಿ ಜೀರ್ಣೋದ್ಧಾರ ಮಾಡೋಣ ಎಂದು ಯಾರು ಬಂದರೂ, “ನಿಧಿ ಆಸೆಗೆ ಬಂದವ್ರೆ ಕಳ್ನನ್ಮಕ್ಳು, ಮಣ್ಣು ಮುಟ್ಟಿದ್ರೆ ನೋಡಿ!” ಎಂದು ಅಟ್ಟಿಬಿಡುತ್ತಿದ್ದ. ದೊಡ್ಡಮ್ಮನನ್ನು ಸೋಮವಾರ ಎಲ್ಲಿಗೆ ಹೋಗಿದ್ದೆ ಎಂದು ಮತ್ತೆ ಕೇಳಲಿಲ್ಲ.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ತಡೆಯುವವರಿಲ್ಲದೆ ಈ ವರ್ಷ ಊರಿನ ಹುಡುಗರು ಗುಡಿಯ ಮಣ್ಣು ತೆಗೆಸಿದರು. ಕೇಶವ ಪೂರ್ತಿ ಎದ್ದು ನಿಂತ. ವಿಷಯ ತಿಳಿದು ದೊಡ್ಡಮ್ಮ ಬಂದಳು. ನೋಡಿದವಳು ನೋಡುತ್ತಲೇ ನಿಂತಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ನಾನು ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

“ನಿಮ್ ದೊಡ್ಡಪ್ಪ ಒಳಕ್ಕೆ ಬಂದಿದ್ರಾ? ಇದ್ನ ನೋಡುದ್ರಾ?”

“ನೋಡಿ, ಅವನೇ ಮಣ್ಣು ಮುಚ್ಚಿದ.”

“ಸುಳ್ಳೇಳ್ಬ್ಯಾಡ ಕಣ್ಲಾ.” ಈಗ ಗುಮಾನಿ ಅವಳ ಕಣ್ಣಲ್ಲಿತ್ತು.

“ನಿನ್ನಾಣೆ ದೊಡ್ಡಮ್ಮ.”

ಅಲ್ಲೇ ಕುಸಿದು ಕೂತಳು. “ನನ್ ತಾವ ಒಂದ್ ಮಾತು ಆಡ್ನಿಲ್ವಲ್ಲೋ” ಎಂದು ಅತ್ತಳು. ದೊಡ್ಡಪ್ಪ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಎದ್ದು, ಸೆರಗಿನ ಗಂಟು ಬಿಚ್ಚಿ, ಕೇಶವನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು.

“ಅಯ್ಯಯ್ಯೋ, ಅಜ್ಜಿ! ವಿಭೂತಿ ಹಚ್ಬಾರ್ದು. ಇದು ನಾಮದೋರ ದೇವ್ರು!” ಎಂದು ಒಬ್ಬ ಹುಡುಗ ಕೂಗಿದ.

ದೊಡ್ಡಮ್ಮ ತಿರುಗಿಯೂ ನೋಡಲಿಲ್ಲ. “ನಾಮದೋರೇ ಒಪ್ಕಂಡು ಓಗವ್ರೆ. ನೀನ್ಯಾರ್ಲಾ ಕೇಳಕ್ಕೆ?”